ಹಾಲು ಕಾಯೋದಿಲ್ಲ

ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ನಮ್ಮ ಸಾಧನೆಯನ್ನಷ್ಟೇ ಹೇಳಿಕೊಂಡರೆ ಸಾಲದು. ಈ ದಾರಿ ಹಾಕಿಕೊಟ್ಟವರನ್ನೂ ನಾವು ನೆನೆಯಬೇಕು.

ಗುಜರಾತಿನ ಖೇಡಾ ಜಿಲ್ಲೆಯ ರೈತರು ಹಾಲು ಒಕ್ಕೂಟ ಕಟ್ಟಿದ್ದು 1946ರಲ್ಲಿ. ಅಲ್ಲಿಯವರೆಗೆ ಆನಂದ್ ಪಟ್ಟಣದಿಂದ ಮುಂಬಯಿಗೆ ಹಾಲು ಕಳಿಸುವ ಹಕ್ಕು ಒಂದು ಖಾಸಗಿ ಡೇರಿಯ ಕೈಯಲ್ಲಿತ್ತು. ದುಡಿಮೆ ರೈತನದು, ಲಾಭ ನಡುವಿನವರದು. ಸರ್ದಾರ್ ಪಟೇಲರ ಸಲಹೆಯಂತೆ, ತ್ರಿಭುವನದಾಸ್ ಪಟೇಲರ ಮುಂದಾಳುತನದಲ್ಲಿ ರೈತರು ಹದಿನೈದು ದಿನ ಹಾಲು ಹಾಕದೆ ಹಠ ಹಿಡಿದು ಗೆದ್ದರು.

ನಿಜವಾದ ಪರೀಕ್ಷೆ ಶುರುವಾದದ್ದು ಆಮೇಲೆ. ಮುಂಬಯಿ ಸುಮಾರು 400 ಕಿಲೋಮೀಟರು ದೂರ. ಜೋಳವಾದರೆ ನಾಳೆ ಕಳಿಸಿದರೂ ನಡೆದೀತು, ಹಾಲು ಕಾಯೋದಿಲ್ಲ. ಹಳೇ ಯಂತ್ರ ಕೈಕೊಟ್ಟರೆ ಸಾಕು, ಹಾಲು ಕೆಟ್ಟು ನಷ್ಟ. 1949ರಲ್ಲಿ ಆನಂದ್‌ಗೆ ಬಂದ ಎಂಜಿನಿಯರ್ ವರ್ಗೀಸ್ ಕುರಿಯನ್, ತೇಪೆ ಹಾಕೋದು ಬಿಟ್ಟು ಹೊಸ ಯಂತ್ರ ತರಿಸಿ ಅಂದರು. ಅಧ್ಯಕ್ಷರು ಬಲ್ಲವರ ಮಾತು ಕೇಳಿದರು. ಚಳಿಗಾಲದಲ್ಲಿ ಮುಂಬಯಿಗೆ ಬೇಡವಾದಷ್ಟು ಹಾಲು ಬರತೊಡಗಿದಾಗ, ಎಮ್ಮೆ ಹಾಲಿನಿಂದ ಪುಡಿ ಆಗೋದಿಲ್ಲ ಅಂತ ತಜ್ಞರು ಹೇಳುತ್ತಿದ್ದರು. ಎಚ್. ಎಂ. ದಲಾಯ ಮಾಡಿ ತೋರಿಸಿದರು. 1955ರಲ್ಲಿ ಪುಡಿಯ ಕಾರ್ಖಾನೆ ಎದ್ದಿತು. ಹೆಚ್ಚಾದ ಹಾಲಿಗೂ ದಾರಿ ಸಿಕ್ಕಿತು.

ಆನಂದ್ ಮಾದರಿ ನಮ್ಮ ರಾಜ್ಯಕ್ಕೆ ಬಂದದ್ದು 1974ರಲ್ಲಿ, ವಿಶ್ವಬ್ಯಾಂಕಿನ ನೆರವಿನ ಡೇರಿ ಅಭಿವೃದ್ಧಿ ನಿಗಮದ ಮೂಲಕ. 1984ರಲ್ಲಿ ಅದೇ ಕರ್ನಾಟಕ ಹಾಲು ಮಹಾಮಂಡಳಿಯಾಯಿತು. ಅಂದಿನ ಕ್ಯಾನು, ಲಾರಿಗಳ ಜಾಗಕ್ಕೆ ಈಗ ಅನೇಕ ಕಡೆ ಶೀತಲ ಘಟಕ, ಟ್ಯಾಂಕರು ಬಂದಿವೆ. ಆದರೂ ಕರೆದ ಹಾಲನ್ನು ಬೇಗನೆ 4 ಡಿಗ್ರಿಗೆ ಇಳಿಸಬೇಕೆಂಬ ನಿಯಮ ಬದಲಾಗಿಲ್ಲ. ಒಂದು ಮನೆಯ ಹುಳಿ ಹಾಲು ಕಣ್ತಪ್ಪಿ ಬೆರೆತರೆ ಊರಿನ ಹಾಲೆಲ್ಲ ಕೆಡುತ್ತದೆ. ಅದನ್ನು ತಡೆಯುವುದು ಲಾರಿಯಲ್ಲ, ಬಾಗಿಲಲ್ಲಿ ನಿಂತು ಮೂಸಿ ನೋಡುವ ಟೆಸ್ಟರು. ಫ್ಯಾಟು ತಪ್ಪಾಗಿ ಬರೆದರೆ ಕೆಡುವುದು ಬರೀ ಲೆಕ್ಕವಲ್ಲ, ನಂಬಿಕೆ. ನಂಬಿಕೆ ಹೋದರೆ ಹಾಲು ಮತ್ತೆ ನಡುವಿನವರ ಪಾಲು.

ಆದ್ದರಿಂದ ನಮ್ಮ ಆಡಳಿತ ಮಂಡಳಿಗೂ ಸದಸ್ಯ ಬಾಂಧವರಿಗೂ ನಮ್ಮದೊಂದೇ ಅರಿಕೆ. ಸಂಘದ ಕೆಲಸವನ್ನು ನಮ್ಮವನು ಅಂತ ಕೊಡುವುದು ಬೇಡ, ಬಲ್ಲವನು ಅಂತ ಕೊಡೋಣ. ಬಾರದವರಿಗೆ ತರಬೇತಿ ಕೊಡಿಸೋಣ. ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯೋಣ. ಸುವರ್ಣ ಮಹೋತ್ಸವದ ದಾರಿ ಇದೇ.