ಅಂಕಿತವಿಲ್ಲದ ನಾದ

ಓಲೆಗರಿಯ ಕೃತಿಯೊಂದು ಕೈಯಿಂದ ಕೈಗೆ ನಕಲಾಗುತ್ತ ಬಂದಾಗ ಅಕ್ಷರ ಬದಲಾಗುತ್ತದೆ, ಸಾಲು ಸೇರಿಕೊಳ್ಳುತ್ತದೆ, ಕೆಲವೊಮ್ಮೆ ಕರ್ತೃವಿನ ಹೆಸರೇ ಅಳಿಸಿಹೋಗುತ್ತದೆ. ಇಂಥ ಪಾಠಾಂತರಗಳ ಅಧ್ಯಯನ ನನ್ನ ಪಿಎಚ್.ಡಿ. ವಿಷಯ. ಅದೇ ಕಣ್ಣಿನಿಂದ ನಾನು ನೋಡತೊಡಗಿರುವ ಇನ್ನೊಂದು ವಸ್ತುವಿದೆ: 1983ರಲ್ಲಿ ಜಪಾನಿನ ಯಮಹಾ ಕಂಪನಿ ಮಾರುಕಟ್ಟೆಗೆ ತಂದ ಡಿಎಕ್ಸ್7 ಎಂಬ ಡಿಜಿಟಲ್ ಸಿಂಥಸೈಜರ್. ಅದರಲ್ಲಿ ‘ಎಡಿಟ್/ಕಂಪೇರ್’ ಎಂಬ ಗುಂಡಿಯಿದೆ. ತಿದ್ದಿದ ನಾದವನ್ನು ಮೂಲದ ಜೊತೆ ಹೋಲಿಸಿ ಕೇಳಲು ಇರುವ ಗುಂಡಿ ಅದು. ಗ್ರಂಥಸಂಪಾದಕ ಮಾಡುವುದೂ ಅದನ್ನೇ.

ಈ ಯಂತ್ರದ ಬೇರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿ 1967ರಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತ ಸಂಯೋಜಕ ಕಂಪ್ಯೂಟರಿನಲ್ಲಿ ಸ್ವರವನ್ನು ನಡುಗಿಸುವ ಪ್ರಯೋಗ ಮಾಡುತ್ತಿದ್ದರು. ಒಂದು ಸ್ವರದ ಶ್ರುತಿಯನ್ನು ಸೆಕೆಂಡಿಗೆ ಐದಾರು ಬಾರಿ ಮೇಲೆ ಕೆಳಗೆ ಆಡಿಸಿದರೆ ನಮಗೆ ನಡುಕ ಕೇಳಿಸುತ್ತದೆ. ಆ ವೇಗವನ್ನು ನೂರಾರು ಬಾರಿಗೆ ಏರಿಸಿದಾಗ ನಡುಕ ಕರಗಿ, ಅದರ ಜಾಗದಲ್ಲಿ ಹೊಸದೇ ಒಂದು ನಾದಗುಣ ಹುಟ್ಟಿತು. ಎರಡು ಸರಳ ಅಲೆಗಳಿಂದ ಗಂಟೆ, ಕಹಳೆ, ಮರದ ತಟ್ಟು ಎಲ್ಲವನ್ನೂ ಹೋಲುವ ನಾದಗಳನ್ನು ಪಡೆಯಬಹುದು ಎಂಬುದನ್ನು ಅವರು 1973ರ ಪ್ರಬಂಧದಲ್ಲಿ ವಿವರಿಸಿದರು. ಅಮೆರಿಕದ ಆರ್ಗನ್ ತಯಾರಕರು ಈ ವಿಧಾನದ ಬಗ್ಗೆ ಆಸಕ್ತಿ ತೋರಲಿಲ್ಲ. ಯಮಹಾದ ಎಂಜಿನಿಯರುಗಳು ಬೇಗ ಗ್ರಹಿಸಿ ಪರವಾನಗಿ ಪಡೆದರು.

ಡಿಎಕ್ಸ್7ರ ಒಳಗೆ ಪ್ರತಿ ನಾದಕ್ಕೂ ಆರು ‘ಆಪರೇಟರು’ಗಳಿವೆ. ಒಂದೊಂದೂ ಒಂದು ಸರಳ ಅಲೆಯನ್ನು ಹುಟ್ಟಿಸುತ್ತದೆ. ಕೆಲವು ನೇರವಾಗಿ ಕೇಳಿಸುತ್ತವೆ. ಕೆಲವು ತಾವು ಕೇಳಿಸದೆ ಇನ್ನೊಂದನ್ನು ನಡುಗಿಸುತ್ತವೆ. ಯಾವುದು ಯಾವುದನ್ನು ನಡುಗಿಸಬೇಕು ಎಂಬುದಕ್ಕೆ 32 ಜೋಡಣೆಗಳಿವೆ. ನಡುಗಿಸುವ ಅಲೆ ಕೇಳಿಸುವ ಅಲೆಯ ಪೂರ್ಣಾಂಕದ ಪಟ್ಟಿನಲ್ಲಿದ್ದರೆ ನಾದ ಶ್ರುತಿಬದ್ಧವಾಗಿರುತ್ತದೆ. ಮೂರೂವರೆ ಪಟ್ಟಿನಂಥ ಭಿನ್ನರಾಶಿ ಕೊಟ್ಟರೆ ಲೋಹದ ಗಂಟೆ ಮೊಳಗುತ್ತದೆ. ನಡುಗಿಸುವ ಬಲ ಹೆಚ್ಚಿದಷ್ಟೂ ನಾದ ಝಗ್ಗೆನ್ನುತ್ತದೆ, ತಗ್ಗಿದಷ್ಟೂ ಮೆದುವಾಗುತ್ತದೆ. ತಂಬೂರಿಯ ತಂತಿಯಡಿ ದಾರ ಸರಿಸಿ ನಾದವನ್ನು ಹದಗೊಳಿಸುವವರು ಬೆರಳಿನಲ್ಲಿ ಮಾಡುವುದನ್ನು ಇಲ್ಲಿ ಅಂಕಿಗಳಿಂದ ಮಾಡಬೇಕು.

ನನಗೆ ಮುಖ್ಯವೆನಿಸುವುದು ಈ ಅಂಕಿಗಳೇ. 1970ರ ಮಿನಿಮೂಗ್‌ನಂಥ ಹಳೆಯ ಸಿಂಥಸೈಜರುಗಳಲ್ಲಿ ಒಳ್ಳೆಯ ನಾದ ಸಿಕ್ಕರೆ ತಿರುಗುಗುಂಡಿಗಳ ಸ್ಥಾನವನ್ನು ಕಾಗದದ ಮೇಲೆ ಗುರುತಿಸಿಕೊಳ್ಳಬೇಕಿತ್ತು. 1978ರ ಪ್ರಾಫೆಟ್-5 ಅದನ್ನು ನೆನಪಿಟ್ಟುಕೊಳ್ಳಲು ಕಲಿಯಿತು. ಆದರೂ ನಾದ ಹುಟ್ಟುತ್ತಿದ್ದುದು ಬಿಸಿಗೆ, ವಯಸ್ಸಿಗೆ ಸ್ವಲ್ಪ ಸ್ವಲ್ಪ ಸರಿಯುವ ವಿದ್ಯುತ್ ಮಂಡಲಗಳಿಂದ. ಡಿಎಕ್ಸ್7ರಲ್ಲಿ ನಾದವೊಂದರ ವಿವರ ಪೂರ್ತಿಯಾಗಿ 155 ಬೈಟ್‌ಗಳಲ್ಲಿ ಮುಗಿಯುತ್ತದೆ. ಅಷ್ಟನ್ನು ಇನ್ನೊಂದು ಡಿಎಕ್ಸ್7ಗೆ ಕಳಿಸಿದರೆ ಅಲ್ಲಿಯೂ ಅದೇ ನಾದ ಬರುತ್ತದೆ. ನಾದ ಇಲ್ಲಿ ಪಠ್ಯವಾಯಿತು. ಓದಬಹುದಾದ, ತಿದ್ದಬಹುದಾದ, ಲಿಪಿಕಾರನ ಕೈತಪ್ಪಿಲ್ಲದೆ ನಕಲು ಮಾಡಬಹುದಾದ ಪಠ್ಯ.

ಆದರೆ ತಿದ್ದುವುದು ಸುಲಭವಿರಲಿಲ್ಲ. ಹಳೆಯ ಯಂತ್ರಗಳಲ್ಲಿ ಕೆಲಸಕ್ಕೊಂದು ಗುಂಡಿಯಿತ್ತು, ಕೈ ತಾನಾಗಿ ದಾರಿ ಹುಡುಕುತ್ತಿತ್ತು. ಇಲ್ಲಿದ್ದದ್ದು ಒತ್ತುಗುಂಡಿಗಳ ಸಾಲು, ಎರಡು ಸಾಲಿನ ಪುಟ್ಟ ಪರದೆ, ಬೆಲೆ ಬದಲಿಸಲು ಒಂದೇ ಜಾರುಗುಂಡಿ. ಒಂದು ಹೊತ್ತಿಗೆ ಒಂದೇ ಅಂಕಿ ಕಾಣುತ್ತಿತ್ತು. ಒಂದು ಪುಸ್ತಕವನ್ನು ಬೀಗದ ಕಿಂಡಿಯಿಂದ ಓದಿ ಸಂಪಾದಿಸಬೇಕಾದ ಪರಿಸ್ಥಿತಿ. ಹಾಗಾಗಿ ಬಹುಪಾಲು ವಾದಕರು ಯಂತ್ರದ ಜೊತೆ ಬಂದ ಸಿದ್ಧ ನಾದಗಳನ್ನೇ, ಅಂದರೆ ಪ್ರೀಸೆಟ್‌ಗಳನ್ನೇ ನುಡಿಸಿದರು. ರಿಪೇರಿಗೆ ಬಂದ ಯಂತ್ರಗಳಲ್ಲಿ ಸಿದ್ಧ ನಾದಗಳು ಮುಟ್ಟದಂತೆಯೇ ಇರುತ್ತಿದ್ದವು ಎಂಬ ಕಥೆಯೊಂದು ಇಂದಿಗೂ ಪ್ರಚಲಿತ.

ಆ ಸಿದ್ಧ ನಾದಗಳನ್ನು ರೂಪಿಸಿದವರಲ್ಲಿ ಪ್ರಮುಖರು ಡೇವ್ ಬ್ರಿಸ್ಟೋ ಮತ್ತು ಗ್ಯಾರಿ ಲೂಯೆನ್‌ಬರ್ಗರ್. ‘ಇ.ಪಿಯಾನೋ 1’ ಎಂಬ ಗಾಜಿನಂತೆ ಮಿನುಗುವ ಎಲೆಕ್ಟ್ರಿಕ್ ಪಿಯಾನೋ ನಾದ ಎಂಬತ್ತರ ದಶಕದ ಪಾಶ್ಚಾತ್ಯ ಪ್ರೇಮಗೀತೆಗಳ ತುಂಬ ಹರಡಿತು. ಮೂರು ಜೋಡಿ ಆಪರೇಟರುಗಳ ಜೋಡಣೆ ಅದು. ಒಂದು ಜೋಡಿಯಲ್ಲಿ ನಡುಗಿಸುವ ಅಲೆಯನ್ನು ಹದಿನಾಲ್ಕು ಪಟ್ಟು ಎತ್ತರಕ್ಕೆ ಇಟ್ಟು, ಬೇಗ ಆರಿಹೋಗುವಂತೆ ಮಾಡಿ, ಸುತ್ತಿಗೆ ಲೋಹದ ಕಡ್ಡಿಗೆ ತಾಕಿದ ಕ್ಷಣವನ್ನು ಹಿಡಿದಿದ್ದಾರೆ. ಅದು ಒಂದು ರಚನೆ. ಆದರೂ ದಾಖಲೆಗಳ ಹೊದಿಕೆಯ ಮೇಲೆ ಗಾಯಕರ, ವಾದಕರ, ಸಂಯೋಜಕರ ಹೆಸರು ಅಚ್ಚಾಗುತ್ತಿದ್ದರೆ, ಸಿದ್ಧ ನಾದ ರೂಪಿಸಿದವರ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ.

ಆ 155 ಬೈಟ್‌ಗಳನ್ನೇ ಬಿಡಿಸಿ ನೋಡಿ. 145 ಅಂಕಿಗಳು ನಾದದವು, ಉಳಿದ 10 ಅಕ್ಷರಗಳು ನಾದದ ಹೆಸರಿಗೆ. ಮಾಡಿದವರ ಹೆಸರಿಗೆ ಒಂದು ಅಕ್ಷರವೂ ಇಲ್ಲ. ನಮ್ಮ ವಚನಗಳು ಬಾಯಿಂದ ಬಾಯಿಗೆ, ಕಟ್ಟಿನಿಂದ ಕಟ್ಟಿಗೆ ದಾಟಿದರೂ ಅಂಕಿತ ಸಾಲಿನೊಳಗೇ ಹೆಣೆದುಕೊಂಡಿತ್ತು. ಕರ್ತೃವನ್ನು ಗುರುತಿಸಲು ಅದೇ ಆಧಾರ. ಈ ನಾದಗಳನ್ನು ವಿನ್ಯಾಸ ಮಾಡಿದವರು ಅಂಕಿತಕ್ಕೆ ಸ್ಥಳವಿಡಲಿಲ್ಲ. ಯಾರೋ ಒಬ್ಬರು ಎರಡು ಅಂಕಿ ಬದಲಿಸಿ ಹೊಸ ಹೆಸರಿಟ್ಟರೆ ವಂಶಾವಳಿಯೂ ಮರೆಯಾಗುತ್ತದೆ. ತಂತ್ರಜ್ಞಾನದ ಇತಿಹಾಸ ಬರೆಯುವಾಗ ನಾವು ಚೌನಿಂಗ್‌ರಂಥ ಶೋಧಕರನ್ನೂ ಯಮಹಾದಂಥ ಕಂಪನಿಯನ್ನೂ ನೆನೆದು ನಿಲ್ಲುತ್ತೇವೆ. ಒಂದು ದಶಕದ ಕಿವಿಯನ್ನು ತಿದ್ದಿದ ಕೈಗಳು ನಡುವೆ ಬಿಟ್ಟುಹೋಗುತ್ತವೆ.

ಸಿದ್ಧ ನಾದಗಳಿಗೆ ಎಲ್ಲರೂ ಸೋತರು ಎಂದೂ ಹೇಳಲಾಗದು. ಬ್ರಯಾನ್ ಈನೋರಂಥ ಕೆಲವರು ಆ ಬೀಗದ ಕಿಂಡಿಯಲ್ಲೇ ಕೂತು ತಮ್ಮ ನಾದಗಳನ್ನು ಕಟ್ಟಿದರು. ಚೌನಿಂಗ್ ಮತ್ತು ಬ್ರಿಸ್ಟೋ ಸೇರಿ 1986ರಲ್ಲಿ ಸಂಗೀತಗಾರರಿಗಾಗಿಯೇ ಈ ವಿಧಾನದ ಪುಸ್ತಕ ಬರೆದರು. ಈಗ ಡೆಕ್ಸೆಡ್ ಎಂಬ ಉಚಿತ ತಂತ್ರಾಂಶ ಹಳೆಯ ಡಿಎಕ್ಸ್7 ಕಡತಗಳನ್ನು ತೆರೆದು ಆರೂ ಆಪರೇಟರುಗಳನ್ನು ಒಂದೇ ಪರದೆಯಲ್ಲಿ ತೋರಿಸುತ್ತದೆ. ಆಸಕ್ತಿಯುಳ್ಳವರು ಯಾವುದಾದರೂ ಒಂದು ಹಳೆಯ ನಾದವನ್ನು ತೆರೆದು, ನಡುಗಿಸುವ ಆಪರೇಟರುಗಳ ಬಲವನ್ನು ಒಂದೊಂದಾಗಿ ಸೊನ್ನೆಗೆ ಇಳಿಸಿ ಕೇಳಬಹುದು. ಮೊದಲು ಮಿನುಗು ಹೋಗುತ್ತದೆ, ಆಮೇಲೆ ತಾಕು, ಕೊನೆಗೆ ಬಣ್ಣವಿಲ್ಲದ ಸರಳ ಅಲೆಗಳಷ್ಟೇ ಉಳಿಯುತ್ತವೆ. ಹಾಗೆ ಕಳಚಿಹೋದದ್ದೆಲ್ಲ ಯಾರೋ ಒಬ್ಬರು ಕೂತು, ಕೇಳಿ, ತಿದ್ದಿ ಸೇರಿಸಿದ್ದು.