ಪ್ರತಿರೂಪ ಕೈಗಡಿಯಾರ ಕಟ್ಟುವ ಹವ್ಯಾಸ

ಹೆಸರಾಂತ ಯಾಂತ್ರಿಕ ಕೈಗಡಿಯಾರವೊಂದರ ರೂಪವನ್ನು ಅನುಸರಿಸಿ ಬಿಡಿಭಾಗಗಳಿಂದ ಹೊಸದನ್ನು ಜೋಡಿಸುವುದು, ಇರುವ ಗಡಿಯಾರದ ಡಯಲ್, ಮುಳ್ಳು, ಕೇಸುಗಳನ್ನು ಬದಲಿಸುವುದು, ಅದನ್ನು ಬಿಚ್ಚಿ ತೊಳೆದು ಎಣ್ಣೆ ಹಾಕಿ ಸರಿಯಾದ ವೇಳೆಗೆ ಹೊಂದಿಸುವುದು, ಇವನ್ನೆಲ್ಲ ಸ್ವಂತ ಸಂತೋಷಕ್ಕಾಗಿ ಮಾಡುವ ಹವ್ಯಾಸ ಇದು. ಬ್ಯಾಟರಿಯಿಲ್ಲದೆ ಸ್ಪ್ರಿಂಗಿನ ಬಲದಿಂದ ಓಡುವ ಗಡಿಯಾರಗಳಷ್ಟೇ ಇದರ ವ್ಯಾಪ್ತಿಗೆ ಬರುತ್ತವೆ. ಹವ್ಯಾಸವಾಗಿ ಇದು ಹರಡಿದ್ದು 20ನೆಯ ಶತಮಾನದ ಕೊನೆಯ ಭಾಗದಲ್ಲಿ. ಆದರೆ ಒಬ್ಬರ ಗಡಿಯಾರವನ್ನು ಇನ್ನೊಬ್ಬರು ಅನುಕರಿಸುವುದು, ಒಂದರ ಭಾಗ ಇನ್ನೊಂದಕ್ಕೆ ಹೊಂದುವುದು ಎಂಬ ಎರಡು ಸಂಗತಿಗಳ ಮೇಲೆ ಇದು ನಿಂತಿದೆ; ಆ ಎರಡಕ್ಕೂ ದೀರ್ಘ ಚರಿತ್ರೆಯಿದೆ.

ಅನುಕರಣೆ ಹೆಸರಿನಿಂದಲೇ ಮೊದಲಾಯಿತು. 18ನೆಯ ಶತಮಾನದಲ್ಲಿ ಲಂಡನ್ ಗಡಿಯಾರಗಳಿಗೆ ಯುರೋಪಿನಲ್ಲಿ ಎಷ್ಟು ಬೆಲೆಯಿತ್ತೆಂದರೆ, ಬೇರೆ ಊರುಗಳಲ್ಲಿ ಅಗ್ಗವಾಗಿ ತಯಾರಾದ ಜೇಬುಗಡಿಯಾರಗಳ ಮೇಲೆ ಇಂಗ್ಲಿಷ್ ಕುಶಲಕರ್ಮಿಗಳ ಹೆಸರನ್ನು ಸುಳ್ಳಾಗಿ ಕೆತ್ತಿ ಮಾರುತ್ತಿದ್ದರು. ಪ್ಯಾರಿಸ್ಸಿನ ಗಡಿಯಾರ ತಯಾರಕ ಅಬ್ರಹಾಂ ಲೂಯಿ ಬ್ರೆಗೆ ತನ್ನ ಹೆಸರಿಗೂ ತಗುಲಿದ ಈ ಕಾಟವನ್ನು ತಡೆಯಲಾರದೆ 1795ರ ಸುಮಾರಿಗೆ ಗುಪ್ತ ಸಹಿಯ ಉಪಾಯ ಹೂಡಿದ. ಡಯಲಿನ 12ರ ಅಂಕಿಯ ಬಳಿ ಬರಿಗಣ್ಣಿಗೆ ಸುಲಭವಾಗಿ ಕಾಣದಷ್ಟು ತೆಳುವಾಗಿ ತನ್ನ ಹೆಸರನ್ನು ಗೀರಿಸುತ್ತಿದ್ದ. ಡಯಲನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಕ್ಷರಗಳು ಕಾಣಿಸುತ್ತಿದ್ದವು.

ಭಾಗಗಳ ಹೊಂದಾಣಿಕೆ ಅಮೆರಿಕದ ಕೊಡುಗೆ. ಕೈಯಿಂದ ಮಾಡಿದ ಗಡಿಯಾರದಲ್ಲಿ ಪ್ರತಿ ಚಕ್ರವನ್ನೂ ಅದರ ಜಾಗಕ್ಕೆ ಅರೆದು ಕೂರಿಸಬೇಕಿತ್ತು. 1850ರ ದಶಕದಲ್ಲಿ ಆರನ್ ಡೆನಿಸನ್ ಮತ್ತು ಸಂಗಡಿಗರು ಮ್ಯಾಸಚೂಸೆಟ್ಸ್‌ನ ವಾಲ್ತಮ್‌ನಲ್ಲಿ ಯಂತ್ರಗಳಿಂದ ಒಂದೇ ಅಳತೆಯ ಭಾಗಗಳನ್ನು ತಯಾರಿಸುವ ದಾರಿ ಹಿಡಿದರು. 1876ರ ಫಿಲಡೆಲ್ಫಿಯ ವಸ್ತುಪ್ರದರ್ಶನಕ್ಕೆ ಹೋದ ಲಾಂಜಿನ್ಸ್ ಕಂಪನಿಯ ಜಾಕ್ ಡೇವಿಡ್ ಅಮೆರಿಕದ ಕಾರ್ಖಾನೆಗಳನ್ನು ಕಂಡು ಗಾಬರಿಯಾಗಿ ಸ್ವಿಸ್ ಉದ್ಯಮಕ್ಕೆ ಎಚ್ಚರಿಕೆಯ ವರದಿ ಬರೆದ. ಅದೇ ಕಾಲದಲ್ಲಿ ಅಮೆರಿಕದ ಗಡಿಯಾರಗಳನ್ನೇ ಹೋಲುವ, ಹೆಸರಿನಲ್ಲೂ ಹತ್ತಿರವಿರುವ ಅಗ್ಗದ ಮಾಲು ಸ್ವಿಟ್ಜರ್ಲೆಂಡಿನಿಂದ ಹೊರಡುತ್ತಿತ್ತು. ಇಂದು ನಕಲಿಯ ವಿರುದ್ಧ ಪಟ್ಟು ಹಿಡಿದು ಹೋರಾಡುವ ದೇಶದ ಚರಿತ್ರೆಯಲ್ಲಿ ಈ ಅಧ್ಯಾಯವೂ ಇದೆ ಎಂಬುದನ್ನು ಬಿಟ್ಟುಬಿಡಲಾಗದು.

20ನೆಯ ಶತಮಾನದಲ್ಲಿ ಸ್ವಿಸ್ ಉದ್ಯಮ ಒಂದು ವಿಶಿಷ್ಟ ಪದ್ಧತಿಗೆ ಹೊಂದಿಕೊಂಡಿತು. ಮೂವ್‌ಮೆಂಟ್ ಎಂದು ಕರೆಯುವ ಒಳಗಿನ ಯಂತ್ರವನ್ನು ಕೆಲವೇ ಕಾರ್ಖಾನೆಗಳು ತಯಾರಿಸುವುದು, ನೂರಾರು ಕಂಪನಿಗಳು ಅದನ್ನು ಕೊಂಡು ತಮ್ಮ ಕೇಸು, ಡಯಲ್‌ಗಳನ್ನು ಹಾಕಿ ಮಾರುವುದು. ಮೂವ್‌ಮೆಂಟ್ ತಯಾರಕರು 1926ರಲ್ಲಿ ಎಬೋಶ್ ಎಸ್‌ಎ ಎಂಬ ಒಕ್ಕೂಟವಾದರು. ಮುಂದೆ ಈ ಕ್ಷೇತ್ರದ ದೊಡ್ಡ ಹೆಸರು ಇಟಿಎ ಕಂಪನಿಯದು. ಇಟಲಿಯ ನೌಕಾಪಡೆಗೆ ಅಲ್ಲಿಯ ಪನೆರೈ ಕಂಪನಿ 1930ರ ದಶಕದಲ್ಲಿ ಒದಗಿಸಿದ ದಪ್ಪ ಗಡಿಯಾರಗಳನ್ನೂ ಮಾಡಿಕೊಟ್ಟದ್ದು ರೋಲೆಕ್ಸ್. ಹೊರಗೊಬ್ಬರ ಹೆಸರು, ಒಳಗೊಬ್ಬರ ಯಂತ್ರ ಎಂಬುದು ಈ ಉದ್ಯಮದಲ್ಲಿ ಗುಟ್ಟೇನಲ್ಲ.

1969ರ ಡಿಸೆಂಬರ್ 25ರಂದು ಸೈಕೋ ಕಂಪನಿ ಟೋಕಿಯೊದಲ್ಲಿ ಆಸ್ಟ್ರಾನ್ ಎಂಬ, ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಇಂಥ ಗಡಿಯಾರಗಳ ಪೈಪೋಟಿಯಲ್ಲಿ ಮುಂದಿನ ಒಂದೂವರೆ ದಶಕದೊಳಗೆ ಸ್ವಿಸ್ ಗಡಿಯಾರ ಉದ್ಯಮದ ನೌಕರರ ಸಂಖ್ಯೆ ಸುಮಾರು 90,000ದಿಂದ 30,000ದ ಆಸುಪಾಸಿಗೆ ಇಳಿಯಿತು. ಕೆಲಸ ಕಳೆದುಕೊಂಡವರಿಗೆ ಅದು ದೊಡ್ಡ ದುರಂತ. ಹವ್ಯಾಸ ಹುಟ್ಟಿದ್ದು ಮಾತ್ರ ಅದರ ನಂತರವೇ. ವೇಳೆ ನೋಡಲು ಯಾಂತ್ರಿಕ ಗಡಿಯಾರ ಬೇಕಿಲ್ಲವೆಂದಾದ ಮೇಲೆ, ಅದನ್ನು ಯಂತ್ರವಾಗಿಯೇ ಪ್ರೀತಿಸುವವರು ಉಳಿದರು. ಅವರ ಕೈಗೆ ಪುಸ್ತಕಗಳೂ ಇದ್ದವು: ಡೊನಾಲ್ಡ್ ಡಿ ಕಾರ್ಲ್ 1946ರಲ್ಲಿ ಬರೆದ ರಿಪೇರಿ ಕೈಪಿಡಿ, ಇಡೀ ಗಡಿಯಾರವನ್ನು ಒಬ್ಬನೇ ತಯಾರಿಸಬಹುದೆಂದು ಮಾಡಿ ತೋರಿಸಿದ ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ 1981ರಲ್ಲಿ ಹೊರತಂದ ವಾಚ್‌ಮೇಕಿಂಗ್.

ಕಲಿಯುವವರ ಮೇಜಿನ ಮೇಲೆ ಮೊದಲು ಬರುವುದು ಸಾಮಾನ್ಯವಾಗಿ ಯೂನಿಟಾಸ್ 6497. ಜೇಬುಗಡಿಯಾರಕ್ಕಾಗಿ ರೂಪಿಸಿದ, 36.6 ಮಿ.ಮೀ. ಅಗಲದ, ಕೈಯಿಂದ ಕೀಲಿ ಕೊಡುವ ಈ ಮೂವ್‌ಮೆಂಟಿನ ಚಕ್ರಗಳು ದೊಡ್ಡವು, ತಿರುಪುಗಳು ಹಿಡಿತಕ್ಕೆ ಸಿಗುತ್ತವೆ, ತಪ್ಪಾದರೂ ತಿದ್ದಲು ಎಡೆಯಿದೆ. 1990ರ ದಶಕದಲ್ಲಿ ಮಾರುಕಟ್ಟೆಗೆ ಮರಳಿದ ಪನೆರೈ ತನ್ನ ಗಡಿಯಾರಗಳಲ್ಲಿ ಇದನ್ನೇ ಬಳಸಿತು. ಹಾಗಾಗಿ ಪನೆರೈ ರೂಪದ ಕೇಸಿನಲ್ಲಿ 6497 ಕೂರಿಸಿದ ಹವ್ಯಾಸಿಯ ಗಡಿಯಾರಕ್ಕೂ ಮೂಲಕ್ಕೂ ಯಂತ್ರದ ಮಟ್ಟದಲ್ಲಿ ನಂಟಿತ್ತು. ಪನೆರೈ ಮಾದರಿಗಳು ಈ ಹವ್ಯಾಸದಲ್ಲಿ ಅಷ್ಟು ಬೇಗ ಬೇರೂರಲು ಇದೊಂದು ಮುಖ್ಯ ಕಾರಣ. ಸ್ವಯಂಚಾಲಿತ ಗಡಿಯಾರಗಳಲ್ಲಿ ಆ ಸ್ಥಾನ ಇಟಿಎ 2824-2ರದು: ಅಗಲ 25.6 ಮಿ.ಮೀ., ದಪ್ಪ 4.6 ಮಿ.ಮೀ., 25 ಜ್ಯುವೆಲ್ (ಚಕ್ರಗಳ ಅಚ್ಚು ಕೂರುವ ಮಾಣಿಕ್ಯ), ಗಂಟೆಗೆ 28,800 ಮಿಡಿತ.

2002ರಲ್ಲಿ, ಇಟಿಎಯ ಒಡೆತನವಿದ್ದ ಸ್ವಾಚ್ ಗ್ರೂಪ್ ಹೊರಗಿನವರಿಗೆ ಮಾಡುವ ಮೂವ್‌ಮೆಂಟ್ ಪೂರೈಕೆಯನ್ನು ಹಂತಹಂತವಾಗಿ ಕಡಿತ ಮಾಡುವುದಾಗಿ ಸಾರಿತು. ಈ ಯಂತ್ರಗಳ ಪೇಟೆಂಟುಗಳ ಅವಧಿ ಅಷ್ಟರಲ್ಲಿ ಮುಗಿದಿದ್ದರಿಂದ ಬೇರೆಯವರು ಅದೇ ವಿನ್ಯಾಸವನ್ನು ತಯಾರಿಸಲು ಅಡ್ಡಿಯಿರಲಿಲ್ಲ. ಚೀನಾದ ಮೊದಲ ಕೈಗಡಿಯಾರ 1955ರಲ್ಲಿ ತಯಾರಾದ ತಿಯಾನ್‌ಜಿನ್‌ನಿಂದಲೇ, ಸೀಗಲ್ ಕಂಪನಿಯ ಎಸ್‌ಟಿ36 ಮತ್ತು ಎಸ್‌ಟಿ2130 ಬಂದವು. ಮೊದಲನೆಯದು 6497ರ ಪ್ರತಿರೂಪ, ಎರಡನೆಯದು 2824ರದು. ಹಲವು ಭಾಗಗಳು ಸ್ವಿಸ್ ಮೂಲದೊಂದಿಗೆ ಅದಲುಬದಲಾಗುತ್ತವೆ. ವಿದ್ಯಾರ್ಥಿಯೊಬ್ಬ ಕೆಟ್ಟರೂ ಚಿಂತೆಯಿಲ್ಲವೆಂದು ಬಿಚ್ಚಿ ನೋಡುವಷ್ಟು ಅಗ್ಗವಾಗಿ ಒಳ್ಳೆಯ ವಿನ್ಯಾಸವೊಂದು ಸಿಕ್ಕಿತು.

ಮಾರ್ಪಾಡಿನ ಧಾರೆ ಜಪಾನಿನಿಂದ ಬಂತು. ಸೈಕೋದ ಎಸ್‌ಕೆಎಕ್ಸ್007 ಎಂಬ ಮುಳುಗುಗಾರರ ಗಡಿಯಾರ 1996ರಿಂದ ಸುಮಾರು 2019ರವರೆಗೆ ತಯಾರಾಯಿತು. ಗಟ್ಟಿ ಕೇಸು, ಎಟುಕುವ ಬೆಲೆ. ಆದರೆ ಒಳಗಿನ 7ಎಸ್26 ಮೂವ್‌ಮೆಂಟಿಗೆ ಕೈಯಿಂದ ಕೀಲಿ ಕೊಡಲಾಗದು, ವೇಳೆ ಹೊಂದಿಸುವಾಗ ಸೆಕೆಂಡಿನ ಮುಳ್ಳು ನಿಲ್ಲದು. ಆ ಎರಡೂ ಸೌಲಭ್ಯವಿರುವ ಎನ್‌ಎಚ್36 ಅದೇ ಜಾಗದಲ್ಲಿ ಕೂರುತ್ತದೆಂದು ಗೊತ್ತಾದದ್ದೇ ತಡ, ಡಯಲ್, ಗಾಜು, ಗಾಜಿನ ಸುತ್ತಲಿನ ಉಂಗುರವಾದ ಬೆಜೆಲ್, ಮುಳ್ಳುಗಳನ್ನು ಬದಲಿಸಿ 1950ರ ದಶಕದ ಮುಳುಗು ಗಡಿಯಾರಗಳ ರೂಪ ಕೊಡುವುದು ಒಂದು ಸಂಪ್ರದಾಯವೇ ಆಯಿತು. ಇಲ್ಲಿ ಅಳತೆಯೇ ಎಲ್ಲ. ಗಂಟೆ ಮತ್ತು ನಿಮಿಷದ ಮುಳ್ಳುಗಳ ರಂಧ್ರ ಸೈಕೋದಲ್ಲೂ 2824ರಲ್ಲೂ 1.5 ಮತ್ತು 0.9 ಮಿ.ಮೀ.; ಸೆಕೆಂಡಿನ ಮುಳ್ಳಿಗೆ ಮಾತ್ರ ಒಂದರಲ್ಲಿ 0.20, ಇನ್ನೊಂದರಲ್ಲಿ 0.25. ಆ 0.05 ಮಿ.ಮೀ. ತಿಳಿಯದೆ ಒತ್ತಿದರೆ ಮುಳ್ಳು ಸೀಳುತ್ತದೆ, ಇಲ್ಲವೇ ಕೈ ಬೀಸಿದಾಗ ಕಳಚಿ ಡಯಲಿನ ಮೇಲೆ ಅಲೆದಾಡುತ್ತದೆ.

ನಿರ್ವಹಣೆ ಈ ಹವ್ಯಾಸದ ಅತ್ಯಂತ ಕಷ್ಟದ, ನನ್ನ ಮಟ್ಟಿಗೆ ಅತ್ಯಂತ ಗೌರವಾರ್ಹ ಭಾಗ. ಮೊದಲು ಸ್ಪ್ರಿಂಗಿನಲ್ಲಿ ಉಳಿದ ಬಲವನ್ನು ಮೆಲ್ಲಗೆ ಬಿಡಬೇಕು. ಮರೆತು, ಚಕ್ರಗಳನ್ನು ಹಿಡಿದಿಡುವ ಸೇತುವೆ ಎಂಬ ತಟ್ಟೆಯ ತಿರುಪು ತೆಗೆದರೆ ಚಕ್ರಗಳ ಹಲ್ಲು ಮುರಿಯುತ್ತವೆ. ಬಿಚ್ಚಿದ ಭಾಗಗಳನ್ನು ದ್ರಾವಣದಲ್ಲಿ ತೊಳೆದು, ಮಾಣಿಕ್ಯದ ರಂಧ್ರಗಳನ್ನು ಚೂಪಾದ ಮರದ ಕಡ್ಡಿಯಿಂದ ತಿಕ್ಕಿ ಒರೆಸುತ್ತಾರೆ. ನಿಧಾನವಾಗಿ ತಿರುಗುವ, ಭಾರ ಹೊರುವ ಕಡೆಗೆ ಮಂದ ಎಣ್ಣೆ, ವೇಗವಾಗಿ ತಿರುಗುವ ಕಡೆಗೆ ತೆಳು ಎಣ್ಣೆ. ಸೂಜಿಮೊನೆಯಷ್ಟು ಹನಿ ಸಾಕು. ಹೆಚ್ಚಾದರೆ ಹರಿದುಹೋಗಿ ಇರಬೇಕಾದ ಕಡೆಯೇ ಒಣಗುತ್ತದೆ. ಹಿಂದೆಮುಂದೆ ತೂಗಿ ವೇಗವನ್ನು ನಿಯಂತ್ರಿಸುವ ಬ್ಯಾಲೆನ್ಸ್ ಚಕ್ರದ ಸುರುಳಿಯಾದ ಹೇರ್‌ಸ್ಪ್ರಿಂಗಿಗೆ ಆಯಸ್ಕಾಂತದ ಸೋಂಕು ತಗುಲಿ ಸುರುಳಿಗಳು ಒಂದಕ್ಕೊಂದು ಅಂಟಿದರೆ ಗಡಿಯಾರ ವಿಪರೀತ ಮುಂದೆ ಓಡುತ್ತದೆ. ಕೊನೆಯಲ್ಲಿ ಟೈಮ್‌ಗ್ರಾಫರ್ ಎಂಬ ಉಪಕರಣ ಟಿಕ್ ಟಿಕ್ ಸದ್ದನ್ನು ಆಲಿಸಿ, ದಿನಕ್ಕೆ ಎಷ್ಟು ಸೆಕೆಂಡು ಹಿಂದುಮುಂದು, ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗುತ್ತದೆ ಎಂದು ತೋರಿಸುತ್ತದೆ. ಪೂರ್ತಿ ಕೀಲಿ ಕೊಟ್ಟು ಮಲಗಿಸಿದಾಗ ತೂಗು 270ರಿಂದ 310 ಡಿಗ್ರಿ ಇದ್ದರೆ ಆರೋಗ್ಯ ಚೆನ್ನಾಗಿದೆ. ಚೀನಾದ ಅಗ್ಗದ ಟೈಮ್‌ಗ್ರಾಫರ್‌ಗಳು ಬಂದ ಮೇಲೆ, ಹಿಂದೆ ದೊಡ್ಡ ಅಂಗಡಿಗಳಿಗಷ್ಟೇ ದಕ್ಕುತ್ತಿದ್ದ ಈ ಪರೀಕ್ಷೆ ಮನೆಯ ಮೇಜಿಗೂ ಬಂತು. ಹಳೆಯ ಡಯಲ್‌ಗಳ ವಿಚಾರದಲ್ಲಿ ಒಂದು ಎಚ್ಚರಿಕೆ ಅಗತ್ಯ: 1960ರ ದಶಕಕ್ಕೆ ಮೊದಲು ಕತ್ತಲಲ್ಲಿ ಹೊಳೆಯಲು ಬಳಿಯುತ್ತಿದ್ದ ಬಣ್ಣದಲ್ಲಿ ರೇಡಿಯಂ ಇರುತ್ತಿತ್ತು. ಅದರ ಅರ್ಧಾಯುಷ್ಯ ಸುಮಾರು 1,600 ವರ್ಷ. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ; ಅದನ್ನು ಕೆರೆಯಬಾರದು.

ಪೇಟೆಂಟಿಗೆ ಕೊನೆಯುಂಟು, ನವೀಕರಿಸುತ್ತಾ ಹೋದಷ್ಟು ಕಾಲ ಟ್ರೇಡ್‌ಮಾರ್ಕಿಗೆ ಕೊನೆಯಿಲ್ಲ. ಯಂತ್ರವನ್ನೋ ರೂಪವನ್ನೋ ಅನುಸರಿಸಿ ಡಯಲ್ ಮೇಲೆ ಏನೂ ಬರೆಯದೆ ಬಿಟ್ಟ ಗಡಿಯಾರ ಒಂದು ಬಗೆ. ಇನ್ನೊಬ್ಬರ ಹೆಸರನ್ನೂ ಲಾಂಛನವನ್ನೂ ಅಚ್ಚೊತ್ತಿದ ಗಡಿಯಾರ ನಕಲಿ. ಅದನ್ನು ಕಟ್ಟಿದವನ ಕೈಚಳಕ ಎಷ್ಟೇ ದೊಡ್ಡದಿರಲಿ, ಮುಂದೊಂದು ದಿನ ಅದು ಮತ್ತೊಬ್ಬರ ಕೈಸೇರಿದಾಗ ಮೋಸವಾಗುತ್ತದೆ. ಭಾರತದ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಸುಳ್ಳು ಗುರುತು ಹಾಕುವುದಕ್ಕೂ ಅಂಥ ಸರಕು ಮಾರುವುದಕ್ಕೂ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು 50,000ದಿಂದ 2 ಲಕ್ಷ ರೂಪಾಯಿ ದಂಡ ವಿಧಿಸುತ್ತದೆ. ಈ ಎರಡು ಬಗೆಗಳ ನಡುವೆ ಬರುವ ಗಡಿಯಾರಗಳ ಪ್ರಶ್ನೆಗಳು ನ್ಯಾಯಾಲಯದ ಮೆಟ್ಟಿಲೇರಿವೆ. ಹಳೆಯ ಹ್ಯಾಮಿಲ್ಟನ್ ಜೇಬುಗಡಿಯಾರದ ಯಂತ್ರ, ಡಯಲ್‌ಗಳನ್ನು ಹೊಸ ಕೇಸಿಗೆ ಹಾಕಿ ಕೈಗಡಿಯಾರ ಮಾಡಿದ ವೊರ್ಟಿಕ್ ಎಂಬ ಅಮೆರಿಕದ ಸಣ್ಣ ಕಂಪನಿಯ ಮೇಲೆ ಹ್ಯಾಮಿಲ್ಟನ್ ದಾವೆ ಹೂಡಿತು. ಏನನ್ನು ಎಲ್ಲಿಂದ ತೆಗೆದದ್ದೆಂದು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಿದ್ದರಿಂದ ವೊರ್ಟಿಕ್ ಗೆದ್ದಿತು. 2021ರಲ್ಲಿ ಮೇಲ್ಮನವಿ ನ್ಯಾಯಾಲಯವೂ ತೀರ್ಪನ್ನು ಎತ್ತಿಹಿಡಿಯಿತು. 2024ರಲ್ಲಿ ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯ, ಮಾಲೀಕನೇ ತನ್ನ ಗಡಿಯಾರವನ್ನು ಬಳಕೆಗಾಗಿ ಬದಲಿಸಿಕೊಳ್ಳುವುದು ತಪ್ಪಲ್ಲವೆಂದಿತು. ಬದಲಿಸಿದ್ದನ್ನು ಮೂಲ ಹೆಸರಿನಲ್ಲೇ ಮಾರುಕಟ್ಟೆಗೆ ತರುವುದಕ್ಕೆ ಒಪ್ಪಲಿಲ್ಲ.

ಕರ್ನಾಟಕದಲ್ಲಿ ಈ ಹವ್ಯಾಸ ಸರ್ಕಾರಿ ಕಂಪನಿಯಾದ ಎಚ್‌ಎಂಟಿಯ ಸುತ್ತ ಬೆಳೆದಿದೆ. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಅದರ ಗಡಿಯಾರ ತಯಾರಿಕೆ ಆರಂಭವಾಯಿತು. 1978ರಲ್ಲಿ ತುಮಕೂರಿನ ಕಾರ್ಖಾನೆ ಸೇರಿತು. ಜನತಾ, ಪೈಲಟ್‌ನಂಥ ಮಾದರಿಗಳಲ್ಲಿ ಇದ್ದದ್ದು ಕೀಲಿ ಕೊಡುವ 17 ಜ್ಯುವೆಲ್‌ನ 0231 ಮೂವ್‌ಮೆಂಟ್. ಯಂತ್ರ ಒಂದೇ ಆದ್ದರಿಂದ ಜನತಾದ ಒಡಲಿಗೆ ಪೈಲಟ್‌ನ ಡಯಲ್ ಹಾಕುವುದು ಸುಲಭ. ಎಚ್‌ಎಂಟಿ ಎಂದೂ ತಯಾರಿಸದ ಬಣ್ಣಬಣ್ಣದ ಡಯಲ್‌ಗಳನ್ನು ಅಚ್ಚುಹಾಕಿ ಹಳೆಯ ಯಂತ್ರಕ್ಕೆ ಕೂರಿಸಿ ಮಾರುವ ವ್ಯಾಪಾರವೂ ಬೆಳೆದು, ಸಂಗ್ರಾಹಕರು ಡಯಲಿನ ಅಕ್ಷರದ ಅಂಚು, ಅಂಕಿಗಳ ದಪ್ಪ ನೋಡಿ ಅಸಲಿಯನ್ನು ಗುರುತಿಸುವುದನ್ನು ಕಲಿಯಬೇಕಾಯಿತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಮುರಿದ ಜನತಾ ಕೈಗೆ ಬಂದರೆ, ರಿಪೇರಿಯವರೂ ಹವ್ಯಾಸಿಗಳೂ ಕೇಸು ಕೊಳೆತು ಮೂಲೆಗೆ ಬಿದ್ದ ಇನ್ನೊಂದು ಎಚ್‌ಎಂಟಿಯನ್ನು ಹುಡುಕಿ, ಅದರ ಬ್ಯಾಲೆನ್ಸನ್ನು ಹೇರ್‌ಸ್ಪ್ರಿಂಗ್ ಸಮೇತ ತೆಗೆದು ಇದಕ್ಕೆ ಜೋಡಿಸುತ್ತಾರೆ.