ಶಾಂತವೇರಿ ಗೋಪಾಲಗೌಡರೂ ಗೇಣಿಯ ಅರ್ಥವಿಚಾರವೂ

ಅರ್ಥಶಾಸ್ತ್ರದಲ್ಲಿ ಪಾಂಡಿತ್ಯವನ್ನು ಗಳಿಸಿ ಬಳಿಕ ರಾಜ್ಯಕಾರ್ಯಕ್ಕೆ ಇಳಿದವರು ಭಾರತದಲ್ಲಿ ಕೆಲವರುಂಟು. ಕೇಂದ್ರ ಸರಕಾರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಅಶೋಕ ಮಿತ್ರರು 1977ರಲ್ಲಿ ಪಶ್ಚಿಮ ಬಂಗಾಳದ ಎಡಪಕ್ಷಗಳ ಸರಕಾರದಲ್ಲಿ ಅರ್ಥಮಂತ್ರಿಗಳಾದುದು ಇದಕ್ಕೆ ನಿದರ್ಶನ. ಶಿವಮೊಗ್ಗೆಯ ಸೀಮೆಯಲ್ಲಾದರೋ ಈ ಕ್ರಮವು ತಿರುಗುಮುರುಗಾಯಿತು. ಅಲ್ಲಿ ಅರ್ಥವಿಚಾರವು ಭತ್ತದ ಕಣದಲ್ಲಿ ಹುಟ್ಟಿ ಶಾಸನಸಭೆಯನ್ನು ಮುಟ್ಟಿತು. ಹಾಗೆ ಮುಟ್ಟಿಸಿದವರಲ್ಲಿ ಮುಖ್ಯರು ಶಾಂತವೇರಿ ಗೋಪಾಲಗೌಡರು. ಇವರು ಅರ್ಥಶಾಸ್ತ್ರದ ಪಂಡಿತರಲ್ಲ. ಕಮ್ಯೂನಿಸ್ಟರೂ ಅಲ್ಲ, ಸಮಾಜವಾದಿಗಳು.

ಗೌಡರು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಜನಿಸಿದುದು 1923ರಲ್ಲಿ. ಅದೇ ವರ್ಷ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಕೆಲಸವನ್ನು ಆರಂಭಿಸಿತು. ವಿಶ್ವೇಶ್ವರಯ್ಯನವರ ಸಂಕಲ್ಪದ ಫಲವಾದ ಆ ಕಾರ್ಖಾನೆಯು ಮೈಸೂರು ಸಂಸ್ಥಾನದ ಸ್ವಂತ ಉದ್ಯಮ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಅಲ್ಲಿ ಕರಗಿಸುತ್ತಿದ್ದರು. ಹೀಗೆ ನಾಡಿನ ಅದಿರೂ ಅರಣ್ಯವೂ ಸಂಸ್ಥಾನದ ಲೆಕ್ಕಕ್ಕೆ ಬಂದವು. ಗದ್ದೆಯ ಗೇಣಿಯು ಮಾತ್ರ ಒಡೆಯರ ಲೆಕ್ಕದಲ್ಲಿಯೇ ಉಳಿಯಿತು.

1942ರ ಚಳವಳಿಯಲ್ಲಿ ಸೆರೆಮನೆಯನ್ನು ಕಂಡ ಗೌಡರಿಗೆ ಈ ಲೆಕ್ಕದ ನಿಜರೂಪವು ತೋರಿದುದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ. ಗೇಣಿಯನ್ನು ಅಳೆಯುವ ಕೊಳಗವೇ ಅಲ್ಲಿನ ವಿವಾದದ ಮೂಲ. ಒಪ್ಪಂದದಲ್ಲಿ ಕೊಳಗಗಳ ಸಂಖ್ಯೆ ಬದಲಾಗುವುದಿಲ್ಲ. ಅಳೆಯುವ ಪಾತ್ರೆ ಹಿರಿದಾದರೆ ಮಾತ್ರ ಗೇಣಿಯು ತಾನಾಗಿಯೇ ಹೆಚ್ಚುತ್ತದೆ. ನೂರು ಕೊಳಗದ ಗೇಣಿಗೆ ಹತ್ತರಲ್ಲಿ ಒಂದು ಪಾಲು ದೊಡ್ಡದಾದ ಕೊಳಗವನ್ನು ಬಳಸಿದರೆ ಒಕ್ಕಲಿನವನು ನೂರಹತ್ತನ್ನು ತೆತ್ತಂತಾಗುತ್ತದೆ. ಕಾಗದದಲ್ಲಿ ಇದರ ಕುರುಹೇ ಇರದು. ಎಚ್. ಗಣಪತಿಯಪ್ಪನವರು ಸಂಘಟಿಸಿದ ರೈತರು 1951ರಲ್ಲಿ ಸತ್ಯಾಗ್ರಹಕ್ಕೆ ನಿಂತಾಗ ಸಮಾಜವಾದಿ ಪಕ್ಷವು ಅವರ ಬೆನ್ನಿಗೆ ನಿಂತಿತು. ಗೌಡರು ಮುಂದಾಳಾದರು, ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾದರು.

1952ರಲ್ಲಿ ಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಶಾಸನಸಭೆಯನ್ನು ಪ್ರವೇಶಿಸಿದರು. 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ಮರಳಿ ಆಯ್ಕೆಯಾದರು. ಮಂತ್ರಿಪದವಿಯನ್ನು ಅವರು ಎಂದೂ ಪಡೆಯಲಿಲ್ಲ. 1961ರ ಭೂಸುಧಾರಣಾ ಶಾಸನದಿಂದ ಒಕ್ಕಲಿನವರ ಕಷ್ಟ ಪೂರ್ಣವಾಗಿ ನೀಗಲಿಲ್ಲ. ಗೇಣಿಪದ್ಧತಿಯನ್ನು ತೊಡೆದುಹಾಕಿದ ತಿದ್ದುಪಡಿಯು ಜಾರಿಗೆ ಬಂದುದು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ. ಅದನ್ನು ಕಾಣಲು ಗೌಡರು ಉಳಿದಿರಲಿಲ್ಲ. 1972ರ ಜೂನ್ 9ರಂದೇ ತೀರಿಕೊಂಡಿದ್ದರು.

ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ನಾಯಕನಲ್ಲಿ ಗೌಡರ ಛಾಯೆಯನ್ನು ಓದುಗರು ಗುರುತಿಸಿದ್ದಾರೆ. ಆದರೆ ಕಾವ್ಯಸತ್ಯವನ್ನು ಚರಿತ್ರೆಯೆಂದು ಗ್ರಹಿಸಲಾಗದು. 1974ರ ಶಾಸನವನ್ನು ಒಬ್ಬರ ಕೃತಿಯೆನ್ನುವುದೂ ಸಲ್ಲದು. ಒಡೆಯನ ಅಂಗಳದಲ್ಲಿ ಮುಗಿದುಹೋಗುತ್ತಿದ್ದ ಕೊಳಗದ ಜಗಳವು ರಾಜ್ಯದ ನ್ಯಾಯದ ಪ್ರಶ್ನೆಯಾಯಿತು. ಗೌಡರ ಸಾರ್ವಜನಿಕ ಜೀವನದ ಬೆಲೆಯನ್ನು ಇದರಿಂದಲೇ ಕಟ್ಟಬೇಕು.